ಬಾಗಿಲು ತೆಗೆದವನು ಎಲ್ಲಿ ಹೋದ

"ಮುಂದೆ ಯಾರು?" ಎಂದರು ಮೇಡಂ, ಪಟ್ಟಿಯಿಂದ ತಲೆಯೆತ್ತದೆ.

ಕಿಟಕಿ ಪಕ್ಕದ ಬೆಂಚಿನಿಂದ ಬೈಂಡರನ ಮಗಳು ಎದ್ದು ನಿಂತಳು. ಹಾಗೆ ಕರೆಯುವುದು ನಾವು ಮಾತ್ರ. ಕಾಲೇಜಿನ ಹಿಂದಿನ ಗೇಟಿನೆದುರು ಪುಸ್ತಕ ಬೈಂಡು ಮಾಡುವವನು ಅವಳ ಅಪ್ಪ ಎಂಬ ಸಂಗತಿ ಆ ತರಗತಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಅವಳು ಮೂರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು.

ಕೊನೆಯ ವರ್ಷದ ಸಾಹಿತ್ಯದ ಪ್ರಾಜೆಕ್ಟಿಗೆ ವಿಷಯ ಹೇಳಲು ಅಂದೇ ಕೊನೆಯ ದಿನ. ವಿಷಯ ಒಪ್ಪಿಗೆಯಾಗದಿದ್ದರೆ ಮೇಡಂ ತಾವೇ ಒಂದನ್ನು ಕೊಡುತ್ತಿದ್ದರು. ಅವರು ಕೊಡುವ ವಿಷಯವೆಂದರೆ ಹುಡುಗರು ಬೆವರುತ್ತಿದ್ದರು.

"ಕಾದಂಬರಿಗಳಲ್ಲಿ ತಾಯಿ, ಮೇಡಂ."

"ಹೋದ ವರ್ಷ ಆರು ಜನ ತಾಯಂದಿರನ್ನೇ ತಂದಿದ್ರು. ಬೇರೆ ಹೇಳು."

"ಕವಿತೆಗಳಲ್ಲಿ ಪ್ರಕೃತಿ ವರ್ಣನೆ."

"ಅದನ್ನ ನಮ್ಮ ಕಾಲದಲ್ಲೇ ಮಾಡಿ ಮುಗಿಸಿದೀವಿ ಕಣಮ್ಮ. ಪ್ರಕೃತಿಗೂ ಸುಸ್ತಾಗಿದೆ."

ತರಗತಿ ಗೊಳ್ಳೆಂದಿತು. ಅವಳ ಕಿವಿ ಬಿಸಿಯಾಯಿತು. ಮೂರನೆಯದು ಅವಳ ಹತ್ತಿರ ಇರಲಿಲ್ಲ. ಇಲ್ಲ ಎಂದು ಹೇಳಲು ಬಾಯಿ ತೆರೆದಾಗ ಬೇರೆಯೇ ಮಾತು ಹೊರಗೆ ಬಂತು.

"ಕಥೆಗಳಲ್ಲಿ ಬಾಗಿಲು ತೆಗೆಯೋರು, ಮೇಡಂ. ನೀರು ತಂದುಕೊಡೋರು, ದೀಪ ಹಚ್ಚಿ ಹೋಗೋರು. ಪುಟದ ಕೊನೇಲಿ ಒಂದೇ ಒಂದು ಸಾಲು ಬರ್ತಾರೆ. ಮುಂದಿನ ಪುಟದಲ್ಲಿ ಇರೋದೇ ಇಲ್ಲ. ಅವರೆಲ್ಲ ಎಲ್ಲಿ ಹೋಗ್ತಾರೆ ಅಂತ."

ಮೇಡಂ ಪೆನ್ನು ಕೆಳಗಿಟ್ಟರು. ತರಗತಿಯಲ್ಲಿ ಅವರು ಪೆನ್ನು ಕೆಳಗಿಟ್ಟಿದ್ದನ್ನು ಯಾರೂ ನೋಡಿರಲಿಲ್ಲ.

"ಇದು ನಿನಗೆ ಹೇಗೆ ಹೊಳೀತು?"

"ನಾನೇ ಯೋಚನೆ ಮಾಡಿದೆ, ಮೇಡಂ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅಂದು ಬೆಳಿಗ್ಗೆ ತಿಂಡಿಯ ತಟ್ಟೆಯೆದುರು ಅದೇ ಮಾತಿಗೆ ಅವಳು ನಕ್ಕಿದ್ದಳು.

ಬೈಂಡರನಿಗೆ ಓದುವ ಒಂದು ಕ್ರಮವಿತ್ತು. ಲೈಬ್ರರಿಯಿಂದ ಹರಿದ ಪುಸ್ತಕ ಬಂದರೆ ಹೊಲಿಗೆ ಬಿಚ್ಚಿ, ಪುಟಗಳನ್ನು ಒಪ್ಪವಾಗಿ ಜೋಡಿಸಿ, ಮತ್ತೆ ಹೊಲಿಯುವ ಮುಂಚೆ ಪ್ರತಿ ಪುಟದ ಕೊನೆಯ ಸಾಲನ್ನೂ ಅದರ ಮುಂದಿನ ಪುಟದ ಮೊದಲ ಸಾಲನ್ನೂ ಓದುತ್ತಿದ್ದ. ಮಾತು ಕೂಡಿಕೊಂಡರೆ ಪುಟ ಸರಿ, ಇಲ್ಲದಿದ್ದರೆ ಎಲ್ಲೋ ಹೆಚ್ಚುಕಮ್ಮಿಯಾಗಿದೆ. ಪುಟದ ಸಂಖ್ಯೆಯನ್ನು ಅವನು ನಂಬುತ್ತಿರಲಿಲ್ಲ. ಹಳೆಯ ಪುಸ್ತಕಗಳಲ್ಲಿ ಮೂಲೆಗಳೇ ಮೊದಲು ಉದುರಿಹೋಗಿರುತ್ತವೆ. ಹೀಗೆ ಇಪ್ಪತ್ತೆರಡು ವರ್ಷದಲ್ಲಿ ಅವನು ಒಂದು ಲೈಬ್ರರಿಯನ್ನೇ ಓದಿದ್ದ, ಬರೀ ಅಂಚುಗಳಲ್ಲಿ. ನಡುವೆ ಏನಿದೆ ಎಂದು ನೋಡಲು ಪುರುಸೊತ್ತಾಗಿರಲಿಲ್ಲ.

"ವಿಷಯ ಸಿಕ್ತಾ ಪುಟ್ಟಿ?" ಎಂದು ಬೆಳಿಗ್ಗೆ ಕೇಳಿದ್ದ. "ನನಗೊಂದು ಅನುಮಾನ ಇದೆ ನೋಡು. ಪುಟದ ಕೊನೇಲಿ ಯಾವನೋ ಒಬ್ಬ ಬಂದು ಬಾಗಿಲು ತೆಗೀತಾನೆ. ಪುಟ ತಿರುಗಿಸಿದ್ರೆ ಒಳಗೆ ಬಂದೋರು ಮಾತಾಡ್ತಿರ್ತಾರೆ, ಬಾಗಿಲು ತೆಗೆದೋನು ಇಲ್ಲ. ಅವನು ಎಲ್ಲಿ ಹೋದ? ಯಾರಾದ್ರೂ ಬರೀತಾರೇನೋ ಅಂತ ನಾನೂ ನೋಡ್ತಾನೇ ಇದೀನಿ. ಒಬ್ರೂ ಬರೆದಿಲ್ಲ."

"ಅಪ್ಪಾ, ನೀನು ಓದೋದೇ ಅಂಚು. ಅವನು ನಡುವೆ ಎಲ್ಲೋ ಇರ್ತಾನೆ ಬಿಡು," ಎಂದು ಅವಳು ನಕ್ಕಿದ್ದಳು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. "ಅಂಟು ಹಚ್ಚೋದು ಬೇರೆ, ಸಾಹಿತ್ಯ ಬೇರೆ" ಎಂದೂ ಸೇರಿಸಿದ್ದಳು. ಅವನು "ಅದೂ ಸರಿಯೇ" ಎಂದು ತಟ್ಟೆ ಎತ್ತಿಕೊಂಡು ಹೋಗಿದ್ದ.

ಮೇಡಂ ಈಗ ಡೆಸ್ಕಿನಿಂದ ಒಂದು ಫಾರಂ ತೆಗೆದು ಅವಳ ಕೈಗಿತ್ತರು. "ವಿಷಯ ಹೊಳೆದ ಬಗೆ ಅಂತ ಒಂದು ಜಾಗ ಇದೆ. ಐದೇ ಸಾಲು, ಚೆನ್ನಾಗಿ ಬರಿ. ನಾಲ್ಕು ಗಂಟೆ ಒಳಗೆ ಕೊಡು. ಹದಿನೈದು ವರ್ಷದಲ್ಲಿ ಮೊದಲನೇ ಸಲ ಒಂದು ವಿಷಯ ಕೇಳಿ ನನಗೇ ಹೊಟ್ಟೆಕಿಚ್ಚಾಯ್ತು."

ಹೊಗಳಿಕೆ ಮೈಯೆಲ್ಲ ಮುಳ್ಳಾಗಿ ಚುಚ್ಚುವುದು ಹೀಗೆ ಎಂದು ಅವಳಿಗೆ ಅವತ್ತೇ ಗೊತ್ತಾಗಿದ್ದು. ಅಲ್ಲಿಗೆ ಮುಗಿಯಲಿಲ್ಲ.

"ನೀನು, ಆ ಕನ್ನಡಕ, ಇಬ್ಬರೂ ಬನ್ನಿ. ಈ ಪುಸ್ತಕ ಹೊತ್ಕೊಳ್ಳಿ. ಬೈಂಡಿಂಗಿಗೆ ಕೊಡಬೇಕು."

ಕನ್ನಡಕ ಅವಳ ಬೆಂಚಿನ ಗೆಳತಿ. ಹುಟ್ಟಿದಾಗಲೇ ಕನ್ನಡಕ ಹಾಕಿಕೊಂಡು ಬಂದಳೇನೋ ಅನ್ನುವಂಥ ಹುಡುಗಿ. ಅವಳು ಖುಷಿಯಿಂದ ಹೊರಟಳು. ಇವಳ ಕಾಲು ಮಾತ್ರ ಮೆಟ್ಟಿಲ ಮೇಲೆ ಒಂದೊಂದಾಗಿ ಇಳಿಯಿತು. ತಲೆನೋವು ಎನ್ನಲೇ? ಲೈಬ್ರರಿಯಲ್ಲಿ ಕೆಲಸವಿದೆ ಎನ್ನಲೇ? ನೆಪ ಹುಡುಕುತ್ತಿರುವಾಗಲೇ ರಸ್ತೆ ದಾಟಿ ಆಗಿತ್ತು.

ಅಪ್ಪ ಕೌಂಟರಿನ ಹಿಂದೆ ದಾರಕ್ಕೆ ಮೇಣ ಹಚ್ಚುತ್ತಿದ್ದ. ಮೊದಲು ಮೇಡಂ ಅವರನ್ನು ನೋಡಿದ, ಆಮೇಲೆ ಕನ್ನಡಕವನ್ನು, ಆಮೇಲೆ ಅವಳನ್ನು. ಮೂವರನ್ನೂ ಒಂದೇ ಅಳತೆಯಲ್ಲಿ ನೋಡಿದ.

"ಬನ್ನಿ ಮೇಡಂ. ಮಕ್ಕಳ ಕೈಲಿ ಇಷ್ಟು ಭಾರ ಹೊರಿಸಿದೀರಲ್ಲ."

"ಹೊರಲಿ ಬಿಡಿ, ವಯಸ್ಸಿದೆ." ಮೇಡಂ ಕೌಂಟರಿಗೆ ಒರಗಿದರು. ಅವರಿಗೆ ಸಂತೋಷವನ್ನು ಒಬ್ಬರೇ ಇಟ್ಟುಕೊಂಡು ಅಭ್ಯಾಸವಿರಲಿಲ್ಲ. "ಇಷ್ಟು ವರ್ಷದಿಂದ ನಮ್ಮ ಹುಡುಗರ ಪ್ರಾಜೆಕ್ಟೆಲ್ಲ ನಿಮ್ಮ ಕೈಯಲ್ಲೇ ಹೋಗಿದೆ. ಕಥೆಗಳಲ್ಲಿ ಬಾಗಿಲು ತೆಗೆಯೋರು ಎಲ್ಲಿ ಹೋಗ್ತಾರೆ ಅಂತ ಯಾರಾದ್ರೂ ಬರೆದಿದ್ರಾ? ಈ ಹುಡುಗಿ ಬರೀತಾಳಂತೆ. ತಾನೇ ಯೋಚನೆ ಮಾಡಿದ್ದು!"

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಎದೆಗವಚಿಕೊಂಡ ಪುಸ್ತಕಗಳಲ್ಲಿ ಮೇಲಿನದರ ಬೆನ್ನು ಕಿತ್ತುಹೋಗಿತ್ತು. ಅದರ ನೂಲನ್ನೇ ದಿಟ್ಟಿಸಿದಳು. ಈಗ ಹೇಳುತ್ತಾನೆ. ಹೇಳಿಬಿಡಲಿ ದೇವರೇ, ಮುಗಿದು ಹೋಗಲಿ. ಬೇಡ, ಹೇಳದಿರಲಿ.

ದಾರದ ಮೇಲೆ ಮೇಣ ಒಮ್ಮೆ ನಿಂತಿತು, ಮತ್ತೆ ಓಡಿತು.

"ಇಲ್ಲ ಮೇಡಂ. ಯಾರೂ ಬರೆದಿಲ್ಲ," ಎಂದ ಅಪ್ಪ. "ಒಳ್ಳೇ ವಿಷಯ." ಆಮೇಲೆ ಅವಳ ಕಡೆ ತಿರುಗಿದ. "ಪುಸ್ತಕ ಇಲ್ಲಿ ಇಡಿ ನೀವು. ಕೈ ನೋಯುತ್ತೆ."

ನೀವು! ಹುಟ್ಟಿದಾಗಿನಿಂದ ಅವಳನ್ನು ಪುಟ್ಟಿ ಎಂದಲ್ಲದೆ ಕರೆದವನಲ್ಲ. ಅವಳು ಪುಸ್ತಕ ಇಟ್ಟಳು. ಅವನ ಮುಖದಲ್ಲಿ ಕೋಪ ಹುಡುಕಿದಳು, ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟೋ ನಿರಾಳವಾಗುತ್ತಿತ್ತು.

ಮೇಡಂ ಮುಂದಿನ ತರಗತಿಗೆ ಹೊರಟರು. ಕನ್ನಡಕ ಪೆನ್ನಿನ ರೀಫಿಲ್ ತರುತ್ತೇನೆಂದು ಪಕ್ಕದ ಅಂಗಡಿಗೆ ಹೋದಳು. ಕೌಂಟರಿನ ಎರಡು ಕಡೆ ಅಪ್ಪ ಮಗಳಿಬ್ಬರೇ ಉಳಿದರು.

"ಅಪ್ಪಾ."

ಅವನು ಬಗ್ಗಿ ರಸ್ತೆಯ ಎರಡೂ ಕಡೆ ನೋಡಿದ. ಅವಳು ದಿನಾ ಈ ಅಂಗಡಿಯ ಮುಂದೆ ಹಾಯುವ ಮೊದಲು ನೋಡುತ್ತಿದ್ದಂತೆಯೇ ನೋಡಿದ.

"ನಿನ್ನ ಗೆಳತಿ ವಾಪಸ್ ಬಂದಾಳು. ಹೊರಡು ನೀನು," ಎಂದ ಮೆಲ್ಲಗೆ.

"ಅದು ನೀನು ಹೇಳಿದ್ದು. ನಾನು ನನ್ನದು ಅಂದೆ."

"ಅಂದ್ರೆ ಏನಾಯ್ತೀಗ? ನಾನೇನು ಬರೀತಿದ್ನಾ? ಬರೆಯೋಳು ನೀನು ತಾನೇ." ಆಮೇಲೆ, ಒಳ್ಳೆಯ ಅಂಕ ಬಂತೋ ಇಲ್ಲವೋ ಎಂದು ಕೇಳುವ ಮಗುವಿನ ಹಾಗೆ ಕೇಳಿದ: "ಸರಿಯಾಗಿ ಮಾತಾಡಿದ್ನಾ? ಅವರಿಗೆ ಗೊತ್ತಾಗಲಿಲ್ಲ ಅಲ್ವಾ?"

ಮೊದಲ ವರ್ಷ ಕಾಲೇಜು ಸೇರಿದ ವಾರ, ಕಾಲೇಜಿನವರ ಮುಂದೆ ನನ್ನನ್ನು ಮಾತಾಡಿಸಬೇಡ ಎಂದಿದ್ದಳು. ಯಾಕೆ ಎಂದು ಅವನು ಕೇಳಿರಲಿಲ್ಲ. ಹೇಳಿದ್ದನ್ನು ಅಷ್ಟು ಅಚ್ಚುಕಟ್ಟಾಗಿ ಪಾಲಿಸುತ್ತಾನೆಂದು, ಅದರಲ್ಲೂ ಭೇಷ್ ಅನ್ನಿಸಿಕೊಳ್ಳಬೇಕೆಂದು ಕಾದಿರುತ್ತಾನೆಂದು ಅವಳು ಅಂದುಕೊಂಡಿರಲಿಲ್ಲ. ನಾಚಿಕೆ ಅವಳನ್ನು ಮೂರು ವರ್ಷ ಕಾಡಿತ್ತು, ಅಪ್ಪನ ಅಂಟು ಮೆತ್ತಿದ ಉಗುರಿನ ಬಗ್ಗೆ. ಈಗ ಹತ್ತಿದ ನಾಚಿಕೆ ಅದಲ್ಲ. ಇದು ತನ್ನ ಬಗ್ಗೆ, ಮತ್ತು ಇದರಿಂದ ತಪ್ಪಿಸಿಕೊಳ್ಳಲು ರಸ್ತೆ ದಾಟಿ ಹೋಗುವಂಥ ಆಚೆ ಬದಿಯೇ ಇರಲಿಲ್ಲ.

ಕೌಂಟರಿನ ಪಕ್ಕದ ಹಲಗೆ ಎತ್ತಿ ಒಳಗೆ ಬಂದಳು. ಚಿಕ್ಕವಳಿದ್ದಾಗ ಆ ಹಲಗೆಯ ಕೆಳಗೆ ತೂರಿಕೊಂಡು ಬರುತ್ತಿದ್ದಳು. ಈಗ ಎತ್ತಲು ಎರಡು ಕೈ ಬೇಕಾಯಿತು, ಕೀಲು ತುಕ್ಕು ಹಿಡಿದಿತ್ತು.

"ಏ, ಬಟ್ಟೆಗೆ ಅಂಟಾಗುತ್ತೆ," ಎಂದ ಅವನು ಗಾಬರಿಯಿಂದ. ಆದರೂ ಸ್ಟೂಲಿನ ಮೇಲಿದ್ದ ಕಾಗದದ ಚೂರುಗಳನ್ನು ಕೈಯಿಂದ ಸರಿಸಿದ.

ಅವಳು ಕೂತು ಫಾರಂ ಬಿಚ್ಚಿದಳು. ವಿಷಯ ಹೊಳೆದ ಬಗೆ. ಐದು ಗೆರೆ. ಮೊದಲ ಗೆರೆಯಲ್ಲಿ, 'ಈ ವಿಷಯ ನನಗೆ ಹೊಳೆದದ್ದಲ್ಲ' ಎಂದು ಬರೆದಳು. ಇದನ್ನು ಓದುವಾಗ ಮೇಡಂ ಮುಖ ಹೇಗಾಗುತ್ತದೆ ಎಂದು ನೆನೆದಳು. ಎರಡನೆಯ ಗೆರೆಯ ಮುಂದೆ ಪೆನ್ನು ನಿಂತಿತು.

"ಅಯ್ಯೋ, ಅಲ್ಲಿ ಒಳಗೇನೇ ಮಾಡ್ತಿದೀಯ?" ಕನ್ನಡಕ ಬಂದು ಕೌಂಟರಿನ ಮುಂದೆ ನಿಂತಿದ್ದಳು.

ಅಪ್ಪ ತಟ್ಟನೆ ತಿರುಗಿದ. "ಬರೆಯೋಕೆ ಜಾಗ ಇರಲಿಲ್ಲ ಅಂತ ನಾನೇ ಕೂತ್ಕೊಳ್ಳಿ ಅಂದೆ ಅವರಿಗೆ..."

"ನಮ್ಮಪ್ಪ," ಎಂದಳು ಅವಳು.

ಆಗಲೇ ಬೀದಿಯಲ್ಲಿ ಒಂದು ಲಾರಿ ಹೋಗುತ್ತಿತ್ತು.

"ಏನಂದೆ?" ಎಂದಳು ಕನ್ನಡಕ, ಕಿವಿ ಮುಂದೆ ತಂದು. ಮುಖದಲ್ಲಿ ಕುತೂಹಲವಿರಲಿಲ್ಲ, ಮಾತು ಕೇಳಿಸಿರಲಿಲ್ಲ ಅಷ್ಟೆ.

ಇನ್ನೂ ಹೊತ್ತು ಮೀರಿರಲಿಲ್ಲ. ಏನಿಲ್ಲ ಎಂದರೆ ಮುಗಿಯುತ್ತಿತ್ತು. ಅಪ್ಪ ಆಗಲೇ ಇಬ್ಬರಿಗೂ ಬೆನ್ನು ಹಾಕಿ, ಮೇಜಿನ ಮೇಲಿದ್ದ ಪುಟಗಳ ಕಟ್ಟನ್ನು ಎತ್ತಿ ಮೇಜಿಗೇ ಕುಟ್ಟಿ ಸಮ ಮಾಡತೊಡಗಿದ್ದ.

ಲಾರಿ ದೂರ ಹೋಗುವವರೆಗೆ ಅವಳು ಕಾದಳು. ಆಮೇಲೆ ಇನ್ನೊಂದು ಸಲ ಹೇಳಿದಳು, ಪಕ್ಕದ ಅಂಗಡಿಗೂ ಕೇಳುವಷ್ಟು ಗಟ್ಟಿಯಾಗಿ.

ಅಪ್ಪ ತಿರುಗಲಿಲ್ಲ. ಕಟ್ಟು ಯಾವಾಗಲೋ ಸಮವಾಗಿತ್ತು. ನಾಲ್ಕೂ ಅಂಚು ಚಾಕುವಿನಲ್ಲಿ ಕತ್ತರಿಸಿದಷ್ಟು ನೇರವಾಗಿತ್ತು. ಅವನು ಅದನ್ನೇ ಮತ್ತೆ ಎತ್ತಿ, ಮತ್ತೆ ಕುಟ್ಟುತ್ತಿದ್ದ.