ಮತ್ತೆ ಹೊರಗಾದವಳು

ಶುಕ್ರವಾರ ಮಗ್ಗಗಳ ಮುಂದೆ ದೀಪ ಹಚ್ಚಿದ್ದು ಅಪ್ಪ ರಾಮಲಿಂಗಯ್ಯ. ಮಗಳು ಚೈತ್ರ ಅದನ್ನು ನೋಡಿ ಅಮ್ಮನನ್ನು ಹುಡುಕಿಕೊಂಡು ಹೋದಳು. ದೊಡ್ಡಬಳ್ಳಾಪುರದ ಆ ಮನೆಯಲ್ಲಿ ಪವರ್‌ಲೂಮ್ ಶುರುಮಾಡುವ ಮುಂಚೆ ದೀಪ ಹಚ್ಚುವವಳು ಅಮ್ಮ ನಾರಾಯಣಮ್ಮ. ಅವಳು ಮುಟ್ಟಾದಾಗ ಮಾತ್ರ ಅಪ್ಪ. ಆ ಮುಟ್ಟು ನಿಂತು ವರ್ಷಗಳೇ ಆಗಿದ್ದವು.

ನೀನ್ಯಾಕೆ ಹಚ್ಚಲಿಲ್ಲ ಎಂದು ಕೇಳಿದ್ದಕ್ಕೆ "ಮಂಡಿ ನೋವು ಕಣೇ," ಎಂದಳು ಅಮ್ಮ. ಮಂಡಿ ನೋವಿನವಳು ಅಟ್ಟ ಹತ್ತಿ ನೂಲಿನ ಚೀಲ ಇಳಿಸುತ್ತಿದ್ದಳು! ಚೈತ್ರ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

ಅಮ್ಮ ನಾಚಿಕೊಂಡಳು. "ಮತ್ತೆ ಹೊರಗಾಗ್ತಿದೀನಿ. ಈ ವಯಸ್ಸಲ್ಲಿ! ಮೈಗೆ ಶಕ್ತಿ ಬಂದೈತೇನೋ. ಯಾರಿಗೂ ಹೇಳ್ಬೇಡ."

ಚೈತ್ರ ಕೂತಳು, ಎದ್ದಳು, ಮತ್ತೆ ಕೂತಳು. ಬೆಂಗಳೂರಿನ ಲ್ಯಾಬೊಂದರಲ್ಲಿ ಅವಳ ಕೆಲಸವೇ ಗರ್ಭಕೋಶದ ಕ್ಯಾನ್ಸರಿನಲ್ಲಿ ಮೈಕ್ರೋಆರ್‌ಎನ್‌ಎ ಹುಡುಕುವುದು.

"ನಿಂತ್ಮೇಲೆ ರಕ್ತ ಹೋದ್ರೆ ಅದು ಮುಟ್ಟಲ್ಲಮ್ಮ. ಡಾಕ್ಟರ್‌ಗೆ ತೋರಿಸ್ಬೇಕು. ಇವತ್ತೇ."

"ಬಿಚ್ಚಿ ತೋರ್ಸೋದು ನನ್ ಕೈಲಾಗಲ್ಲ. ನಿನ್ ಲ್ಯಾಬಲ್ಲಿ ರಕ್ತದಲ್ಲೇ ಕಂಡುಹಿಡೀತೀವಿ ಅಂದಿದ್ಯಲ್ಲ, ಅದನ್ನ ಮಾಡು."

ಎಂಥಾ ಸುಲಭದ ದಾರಿ! ಚೈತ್ರಳಿಗೂ ಆಸೆಯಾಯಿತು. ಜೀವಕೋಶದೊಳಗೆ ಮೈಕ್ರೋಆರ್‌ಎನ್‌ಎ ಎಂಬ ಚಿಕ್ಕ ಚಿಕ್ಕ ತುಣುಕುಗಳಿರುತ್ತವೆ, ಅವುಗಳಲ್ಲಿ ಕೆಲವು ಬೆಳವಣಿಗೆಯ ಜೀನುಗಳಿಗೆ 'ಸಾಕು' ಅನ್ನುತ್ತವೆ, ಅವು ಕಮ್ಮಿಯಾದರೆ ಕೋಶಗಳು ಹೇಳೋರು ಕೇಳೋರಿಲ್ಲದೆ ಬೆಳೆಯುತ್ತವೆ, ಅದರ ಸುಳಿವು ಮುಂದೆ ರಕ್ತದಲ್ಲೇ ಸಿಗಬಹುದು ಎಂದು ಅವಳೇ ಹೇಳಿದ್ದಳು. 'ಮುಂದೆ' ಎಂಬುದು ಅಮ್ಮನ ಕಿವಿಗೆ ಬಿದ್ದಿರಲಿಲ್ಲ.

"ಅದಿನ್ನೂ ಸಂಶೋಧನೆ ಅಮ್ಮ. ಅದನ್ನ ನಂಬ್ಕೊಂಡು ನಿನ್ನ ಕಳ್ಕೊಳ್ಳಕ್ಕಾಗಲ್ಲ. ಗರ್ಭಕೋಶದ ಒಳಗಿಂದ ಒಂದ್ ಚೂರು ತೆಗೆದು ನೋಡ್ಲೇಬೇಕು." ಅವಳು ಅಮ್ಮನ ತೋಳು ಹಿಡಿದುಕೊಂಡಳು. "ನಂಗೆ ಭಯ ಆಗ್ತೈತೆ ಕಣಮ್ಮ."

ಪಕ್ಕದ ಕೋಣೆಯಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಅಮ್ಮ ಸೆರಗಿನ ತುದಿ ತಿರುಚುತ್ತಲೇ ನಿಂತಳು. ಚೈತ್ರಳಿಗೆ ಕಿರುಚಿಬಿಡಬೇಕೆನಿಸಿತು.

"ಹಂಗಾದ್ರೆ ಇದು ಮೈಲಿಗೆ ಅಲ್ಲ?" ಕೇಳಿದಳು ಅಮ್ಮ.

"ಅಲ್ಲಮ್ಮ. ಕಾಯಿಲೆ ಇರ್ಬೋದು."

"ಮೈಲಿಗೆ ಅಲ್ಲ ತಾನೇ? ಅಯ್ಯೋ, ಇಷ್ಟು ಶುಕ್ರವಾರ ಸುಮ್ಸುಮ್ನೆ ದೂರ ನಿಂತ್ಬಿಟ್ನಲ್ಲೇ!"

ಅಮ್ಮನ ಕಣ್ಣು ತುಂಬಿದ್ದು ಆಗಲೇ, ಕಾಯಿಲೆ ಎಂದಾಗಲ್ಲ. ಕೈಕಾಲು ತೊಳೆದು ಮಗ್ಗದ ಕೋಣೆಗೆ ಹೋದಳು. ಅಪ್ಪ ಗಾಬರಿಯಿಂದ ನೋಡುತ್ತಿದ್ದಂತೆಯೇ ದೀಪಕ್ಕೆ ಎಣ್ಣೆ ಹೊಯ್ದು, ಬತ್ತಿ ಸರಿಮಾಡಿ, ಕೈಮುಗಿದಳು. ಆಮೇಲೆ ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು.

"ನಡಿ. ಆದ್ರೆ ಡಾಕ್ಟರ್ ನೋಡೋವಾಗ ನೀನೂ ಒಳಗೇ ಇರ್ಬೇಕು. ಹೊರಗೆ ನಿಂತ್ಕೋಬೇಡ."