ಒಂಬತ್ತಡಿಗೆ ಎಂಟಡಿ

ಆ ಕೋಣೆಯನ್ನು ಅಳೆದವಳು ನಾನೇ. ಟೇಪಿನ ಇನ್ನೊಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದು ನಿಂತವಳು ನನ್ನ ಚಿಕ್ಕಮ್ಮ. ಉದ್ದ ಒಂಬತ್ತಡಿ, ಅಗಲ ಎಂಟಡಿ.

ನಾಲ್ಕನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಕೋಣೆ. ಆ ಕಚೇರಿಯ ನೆಲ ಒರೆಸುವ, ಕಕ್ಕಸು ತೊಳೆಯುವ ಚಿಕ್ಕಮ್ಮನೂ ಸೇರಿ ಏಳು ಜನ ಹೆಂಗಸರದ್ದು. ಒಂದು ಬೆಂಚು, ಮೂಲೆ ಒಡೆದ ಒಂದು ಕನ್ನಡಿ, ಗೋಡೆಗೆ ಏಳು ಮೊಳೆ. ಬೆಳಗಿನ ಐದೂವರೆಗೆ ಬಂದು, ಮನೆಯ ಬಟ್ಟೆಯನ್ನು ಅವರವರ ಮೊಳೆಗೆ ನೇತುಹಾಕಿ, ಕೆಲಸದ ನೀಲಿ ಅಂಗಿ ತೊಡುತ್ತಿದ್ದರು. ಹನ್ನೊಂದಕ್ಕೆ ಅಲ್ಲೇ ಕೂತು ಡಬ್ಬಿ ಬಿಚ್ಚುತ್ತಿದ್ದರು. ಇಡೀ ಕಟ್ಟಡದಲ್ಲಿ ಅವರು ಕೂರಬಹುದಾದ ಜಾಗ ಅದೊಂದೇ.

"ಮೊಳೇನೂ ಬರ್ಕೋತೀಯೇನೇ?" ಎಂದಳು ಚಿಕ್ಕಮ್ಮ.

"ಇಲ್ಲ ಚಿಕ್ಕಮ್ಮ. ನಕ್ಷೇಲಿ ಮೊಳೆ ಬರಲ್ಲ."

"ಅಯ್ಯೋ ನಿನ್ನ! ಅಷ್ಟು ದೊಡ್ಡ ಕಂಪ್ಯೂಟರು, ಒಂದು ಮೊಳೆಗೆ ಗತಿ ಇಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತರಬೇತಿಗೆ ಕೈಹಿಡಿದು ಕರೆದೊಯ್ದು ಸೇರಿಸಿದವಳು ಈ ಚಿಕ್ಕಮ್ಮ. ಕಚೇರಿಯನ್ನು ಹೊಸದು ಮಾಡುತ್ತಾರಂತೆ, ನಾನು ಅಳೆದುಕೊಂಡು ಹೋದರೆ ಈ ಕೋಣೆಗೂ ಸುಣ್ಣಬಣ್ಣ ಆಗುತ್ತದೆ ಎಂದುಕೊಂಡಿದ್ದಳು. ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನ ಕೆಲಸ ಕಚೇರಿಗಳ ನಕ್ಷೆ ಬರೆಯುವುದು. ಹನ್ನೊಂದು ವರ್ಷದಿಂದ ಇದೇ. ಗೋಡೆ ಅಂದರೆ ಎರಡು ಗೆರೆ. ಬಾಗಿಲು ಅಂದರೆ ಒಂದು ಗೆರೆ, ಅದು ಯಾವ ಕಡೆಗೆ ತೆರೆಯುತ್ತದೆ ಎಂದು ತೋರಿಸಲು ಕಾಲು ವೃತ್ತ. ಕುರ್ಚಿಯನ್ನು ಒಂದು ಸಲ ಬರೆದರೆ ಸಾಕು, ನಾನೂರು ಸಲ ನಕಲು ಮಾಡಬಹುದು. ಎಲ್ಲವನ್ನೂ ಪದರ ಪದರವಾಗಿ ಬರೆಯುತ್ತೇವೆ. ಗೋಡೆಗೊಂದು ಪದರ, ಕುರ್ಚಿಗೊಂದು, ವೈರಿಂಗಿಗೊಂದು, ಬೇಕಾದರೆ ಒಂದಿಡೀ ಕೋಣೆಗೇ ಒಂದು. ಪ್ರತಿ ಪದರದ ಹೆಸರಿನ ಪಕ್ಕ ಪುಟ್ಟ ಬಲ್ಬಿನ ಚಿತ್ರ ಇರುತ್ತದೆ. ಒತ್ತಿದರೆ ಆ ಪದರದಲ್ಲಿದ್ದದ್ದೆಲ್ಲ ಮಾಯ. ಮತ್ತೆ ಒತ್ತಿದರೆ ಹಾಜರು. ದೇವರಿಗೂ ಇಷ್ಟು ಸಲೀಸಿಲ್ಲ.

ನಮ್ಮ ಸಾಹೇಬರು ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು.

"ನೋಡಮ್ಮ, ಎರಡು ಪ್ರಿಂಟ್ ತೆಗಿ. ಮಂಜೂರಾತಿಗೆ ಹೋಗೋದ್ರಲ್ಲಿ ಆ ಹೆಂಗಸರ ಕೋಣೆ ಇರ್ಲಿ. ಅದಿಲ್ದೆ ಅವ್ರು ಸೀಲ್ ಹಾಕಲ್ಲ, ಕಾನೂನು. ಮೇಸ್ತ್ರಿಗೆ ಕೊಡೋದ್ರಲ್ಲಿ ಅದರ ಬಲ್ಬ್ ಆರಿಸ್ಬಿಡು. ಅಲ್ಲಿ ಮಾಲೀಕರಿಗೆ ಗಾಜಿನ ಮೀಟಿಂಗ್ ರೂಮ್ ಬೇಕಂತೆ."

"ಹಾಗಾದ್ರೆ ಅವ್ರು ಎಲ್ಲಿ ಕೂರ್ತಾರೆ ಸಾರ್?"

"ಯಾರು?"

ನಾಟಕ ಅಲ್ಲ. ಅವರಿಗೆ ನಿಜವಾಗಿಯೂ ಹೊಳೆಯಲಿಲ್ಲ. ಹೊಳೆದ ಮೇಲೆ, "ಅದೆಲ್ಲ ಅವ್ರವ್ರು ಹೊಂದ್ಸ್ಕೋತಾರೆ. ನೀನು ತಲೆ ಕೆಡಿಸ್ಕೋಬೇಡ" ಎಂದು ಎದ್ದರು.

ನಾನು ತಲೆ ಕೆಡಿಸಿಕೊಂಡೆ. ಕೆಡಿಸಿಕೊಂಡೇ ಬಲ್ಬ್ ಆರಿಸಿದೆ. ಇದನ್ನು ಮುಚ್ಚಿಡುವುದಿಲ್ಲ. ಬೇರೆ ಯಾರೋ ಬಂದು ಮಾಡಿಹೋದರು ಎಂದು ಹೇಳಬಹುದಿತ್ತು. ಆರಿಸಿದ ಬೆರಳು ನನ್ನದೇ.

ಮಂಜೂರಾತಿಯ ಅಧಿಕಾರಿಯ ಎದುರು ನಕ್ಷೆ ಬಿಚ್ಚಿದಾಗ ಸುರುಳಿ ಹೊತ್ತುಕೊಂಡು ನಾನೂ ಹೋಗಿದ್ದೆ.

"ಹೆಂಗಸರ ಕೋಣೆ ಎಲ್ಲಿ?" ಎಂದು ಕೇಳಿದರು. ಪಾಪ, ಕೇಳಲಿಲ್ಲ ಅನ್ನುವಂತಿಲ್ಲ.

ಮಾಲೀಕರು ಕಾಗದದ ಮೇಲೆ ಬೆರಳಿಟ್ಟರು. "ಇಲ್ಲಿ."

"ಸರಿ ಹಾಗಾದ್ರೆ." ಸೀಲ್ ಬಿತ್ತು.

ಕೋಣೆ ಒಡೆಯಲು ಮೇಸ್ತ್ರಿಗೆ ಒಂದೇ ದಿನ ಸಾಕಾಯಿತು. ಬೆಂಚು ಗುಜರಿಗೆ ಹೋಯಿತು. ಕನ್ನಡಿ ಪೂರ್ತಿ ಒಡೆಯಿತು. ಅಂದಿನಿಂದ ಏಳು ಜನ ತಾವೇ ತೊಳೆದ ಕಕ್ಕಸಿನೊಳಗೆ ಒಬ್ಬೊಬ್ಬರಾಗಿ ಬಟ್ಟೆ ಬದಲಿಸುತ್ತಿದ್ದರು. ಚಿಲಕ ನಿಲ್ಲುತ್ತಿರಲಿಲ್ಲ, ಇನ್ನೊಬ್ಬಳು ಹೊರಗಿನಿಂದ ಬಾಗಿಲು ಹಿಡಿಯಬೇಕು. ಡಬ್ಬಿ ಬಿಚ್ಚುವುದು ಮೆಟ್ಟಿಲ ಮೇಲೆ. ಯಾರಾದರೂ ಇಳಿದು ಬಂದರೆ ಎದ್ದು ಗೋಡೆಗೆ ಅಂಟಿ ದಾರಿ ಬಿಡಬೇಕು. ಚಿಕ್ಕಮ್ಮನ ಮಂಡಿ ಮೊದಲೇ ಸರಿಯಿಲ್ಲ. ಒಂದು ಊಟಕ್ಕೆ ಹದಿನಾಲ್ಕು ಸಲ ಎದ್ದಳಂತೆ. ಆಮೇಲೆ ಅವಳು ನಿಂತೇ ಉಣ್ಣತೊಡಗಿದಳು.

ಮನೆಗೆ ಬಂದು ಮಂಡಿಗೆ ಬಿಸಿನೀರಿನ ಬಟ್ಟೆ ಒತ್ತಿಕೊಳ್ಳುತ್ತಾ ಕೂತವಳಿಗೆ ಒಂದು ಸಂಜೆ ಎಲ್ಲ ಹೇಳಿಬಿಟ್ಟೆ. ಎರಡು ಪ್ರಿಂಟು, ಬಲ್ಬು, ಸೀಲು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಅಂದ್ರೆ ಕಾಗದದಲ್ಲಿ ನಮ್ ರೂಮ್ ಇದೆ?"

"ಇದೆ."

"ಸರ್ಕಾರದ ಸೀಲ್ ಬೇರೆ?"

"ಹೂಂ."

"ಮತ್ತಿನ್ನೇನು! ಆ ಕಾಗದನೇ ತಂದ್ಕೊಡು. ಹಾಸ್ಕೊಂಡು ಅದ್ರ ಮೇಲೇ ಕೂತು ಉಣ್ತೀವಿ. ಎಷ್ಟು ದೊಡ್ಡದಿದೆ?"

"ನಿನ್ನ ಹೆಬ್ಬೆಟ್ಟಿನಷ್ಟು."

"ಥೂ. ಇರುವೆ ಕೂತ್ಕೋಬೇಕು." ನಕ್ಕಳು. ನಗುತ್ತಾ ನಗುತ್ತಾ ಮುಖ ಆ ಕಡೆ ತಿರುಗಿಸಿದಳು.

ನಮ್ಮ ಕೆಲಸಕ್ಕೆ ಹೊಸದಾಗಿ ಬಂದವರೆಲ್ಲ ಒಂದು ತಪ್ಪು ಮಾಡುತ್ತಾರೆ. ಪ್ರಿಂಟ್ ಕೊಡುವಾಗ ಅಳತೆಯನ್ನು ಕುಗ್ಗಿಸುವುದನ್ನು ಮರೆಯುತ್ತಾರೆ. ಆಗ ಯಂತ್ರ ಗೋಡೆಯನ್ನು ಗೋಡೆಯಷ್ಟೇ ಉದ್ದಕ್ಕೆ ಬರೆಯತೊಡಗುತ್ತದೆ. ಮೂರಡಿ ಅಗಲದ ಕಾಗದ ಗಜಗಟ್ಟಲೆ ಹೊರಗೆ ಬಂದು ನೆಲದ ಮೇಲೆ ಸುತ್ತಿಕೊಳ್ಳುತ್ತದೆ. ಮೊದಲ ವಾರ ನಾನೂ ಮಾಡಿದ್ದೆ. "ಕಾಗದ ನಿಮ್ಮಪ್ಪನ ಮನೇದಾ?" ಎಂದು ಸಾಹೇಬರು ಕೂಗಾಡಿದ್ದರು. ಆ ಕಾಗದ ಇಂದಿಗೂ ನಮ್ಮ ಮನೆಯ ಪಾತ್ರೆಗಳ ಕೆಳಗಿದೆ.

ಹನ್ನೊಂದು ವರ್ಷದ ಮೇಲೆ ಆ ತಪ್ಪನ್ನು ಇನ್ನೊಮ್ಮೆ ಮಾಡಿದೆ.

ಸಾಹೇಬರು ಊಟಕ್ಕೆ ಹೋಗಿದ್ದರು. ಕೋಣೆಯ ಬಲ್ಬ್ ಹಾಕಿದೆ, ಉಳಿದವನ್ನೆಲ್ಲ ಆರಿಸಿದೆ. ಗೋಡೆ, ಬಾಗಿಲು, ಬೆಂಚು ಇದ್ದವು. ಮೊಳೆ ಇರಲಿಲ್ಲ. ಗೋಡೆಗೆ ಏಳು ಪುಟ್ಟ ಸೊನ್ನೆ ಬರೆದೆ. ಮೂರಡಿಯ ಮೂರು ಪಟ್ಟಿ, ಒಂದೊಂದೂ ಎಂಟಡಿ ಉದ್ದ. ಯಂತ್ರ ಅರ್ಧ ಗಂಟೆ ಕರಕರ ಎಂದಿತು. ಮೂರನ್ನೂ ಸುತ್ತಿ ಚೀಲಕ್ಕೆ ತುರುಕಿ, ಸಂಜೆ ಚಿಕ್ಕಮ್ಮನ ಕೈಗೆ ಕೊಟ್ಟೆ.

ನಕ್ಷೆಯಂತೆಯೇ ಕಟ್ಟಿದ್ದಾರೆ ಎಂಬ ಕೊನೆಯ ಪ್ರಮಾಣಪತ್ರ ಕೊಡಲು ಅದೇ ಅಧಿಕಾರಿ ಬಂದರು. ಜೊತೆಗೆ ಮಾಲೀಕರು, ನಮ್ಮ ಸಾಹೇಬರು, ಹಿಂದೆ ಸುರುಳಿ ಹೊತ್ತ ನಾನು. ಸಮಯ ಹನ್ನೊಂದು. ಲಿಫ್ಟಿನ ಬಾಗಿಲು ತೆರೆಯಿತು. ಪಕ್ಕದಲ್ಲೇ ಗಾಜಿನ ಮೀಟಿಂಗ್ ರೂಮು. ಮೇಜು, ಕುರ್ಚಿ ಇನ್ನೂ ಬಂದಿರಲಿಲ್ಲ.

ನೆಲದ ಮೇಲೆ ಬಿಳಿ ಕಾಗದ ಹಾಸಿತ್ತು. ಮೂರು ಪಟ್ಟಿಯನ್ನು ನೀಟಾಗಿ ಅಂಟಿಸಿದ್ದರು. ಅದರ ಮೇಲೆ ಏಳು ಜನ ಕೂತು ಡಬ್ಬಿ ಬಿಚ್ಚಿದ್ದರು. ಒಬ್ಬೊಬ್ಬಳೂ ಅವಳವಳ ಮೊಳೆಯ ಹತ್ತಿರವೇ ಕೂತಿದ್ದಳು.

"ಏನಿದು? ಎದ್ದೇಳ್ರಿ ಮೇಲೆ!" ಎಂದರು ಮಾಲೀಕರು.

ಯಾರೂ ಏಳಲಿಲ್ಲ. ಮೆಟ್ಟಿಲ ಮೇಲೆ ಎದ್ದೆದ್ದು ಸಾಕಾಗಿತ್ತು.

"ನಮ್ ರೂಮು ಸಾರ್. ಊಟದ ಹೊತ್ತು," ಎಂದಳು ಚಿಕ್ಕಮ್ಮ, ತುತ್ತು ನುಂಗಿಕೊಂಡು. "ಈ ಸ್ವಾಮೀರು ಸೀಲ್ ಹಾಕಿ ಕೊಟ್ಟಿದ್ದಾರಂತಲ್ಲ. ಬೇಕಾದ್ರೆ ಕೇಳಿ."

ಅಧಿಕಾರಿ ತಮ್ಮ ಕೈಯಲ್ಲಿದ್ದ ಕಡತ ಬಿಚ್ಚಿದರು. ನಕ್ಷೆ ನೋಡಿದರು, ನೆಲ ನೋಡಿದರು. ಅದೇ ಜಾಗ, ಅದೇ ಗೋಡೆ, ಅದೇ ಬಾಗಿಲು.

"ಇದನ್ನ ಯಾರು ಬರೆದಿದ್ದು?" ಸಾಹೇಬರು ನನ್ನ ಕಡೆ ತಿರುಗಿ ಹಲ್ಲು ಕಡಿದರು.

"ನಾನೇ ಸಾರ್. ನೀವು ಹೇಳಿದ್ದನ್ನೇ ಬರೆದೆ. ಮೊಳೆ ಮಾತ್ರ ನಂದು."

"ನಾಳೆಯಿಂದ ಬರ್ಬೇಡ."

"ಆಯ್ತು ಸಾರ್."

ಸುರುಳಿಯನ್ನು ಅವರ ಕೈಗೆ ಕೊಟ್ಟೆ. ಕಾಲು ವೃತ್ತ ಬರೆದಿದ್ದ ಕಡೆಯಿಂದ ಒಳಗೆ ಹೋದೆ. ಚಿಕ್ಕಮ್ಮ ಸರಿದು ಜಾಗ ಬಿಟ್ಟಳು. ಕೂತೆ. ಗಾಜಿನ ಆಚೆ ಇಡೀ ಮಹಡಿ ಎದ್ದು ನಿಂತು ನೋಡುತ್ತಿತ್ತು. ಗಾಜು ಬೇಕೆಂದವರು ಮಾಲೀಕರೇ.

"ಇರಿ, ನಾನು ಮಾತಾಡ್ತೀನಿ," ಎಂದು ಅಧಿಕಾರಿ ಒಂದು ಹೆಜ್ಜೆ ಮುಂದಿಟ್ಟರು.

"ಸ್ವಾಮಿ," ಎಂದಳು ಚಿಕ್ಕಮ್ಮ, "ಗೋಡೆ ತುಳಿದ್ರಿ. ಬಾಗಿಲು ಆ ಕಡೆ."

ಅವರು ಕೆಳಗೆ ನೋಡಿದರು. ಬೂಟುಗಾಲು ಎರಡು ಗೆರೆಗಳ ನಡುವೆ ಇತ್ತು. ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.