ಇಬ್ಬರ ರಾಯಭಾರಿ

“ಎತ್ರೋ,” ಎಂದ ಅಣ್ಣ. ತೀರಿಕೊಂಡ ಅಪ್ಪನನ್ನು ಮಲಗಿಸಿದ್ದ ಹಲಗೆಯ ತುದಿಗೆ ಆಗಲೇ ಕೈ ಹಾಕಿದ್ದ.

ನಡುವಿನ ಮಗಳು ಬಾಗಿಲಿಗೆ ಅಡ್ಡ ನಿಂತಳು. “ಒಂದು ಗಳಿಗೆ ತಡಿಯಣ್ಣ. ತಮ್ಮ ಬಸ್ಸಿಳಿದನಂತೆ.”

“ಅವನಿಗೆ ಯಾರು ಹೇಳಿದ್ದು?”

“ನಾನೇ.”

ಸಾವಿನ ಸುದ್ದಿಯನ್ನಷ್ಟೇ ಹೇಳಿರಲಿಲ್ಲ. ‘ಅಣ್ಣ ನಿನಗೋಸ್ಕರ ಕಾಯ್ತಾ ಕೂತಿದಾನೆ’ ಅಂತಲೂ ಹೇಳಿದ್ದಳು. ಹಾಗನ್ನದಿದ್ದರೆ ಅವನು ಬರುತ್ತಿರಲಿಲ್ಲ. ಅಮ್ಮ ಹೋದಾಗ ಅವನು ಬಂದು ಮುಟ್ಟುವ ಮೊದಲೇ ಅಣ್ಣ ಮಣ್ಣು ಮಾಡಿ ಮುಗಿಸಿದ್ದ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಇವತ್ತೂ ಹಾಗೇ ಆದರೆ ಈ ಜನ್ಮಕ್ಕೆ ಮುಗಿಯಿತು.

“ಮುದುಕ ಆಯುಸ್ಸೆಲ್ಲ ಪಾಳುಮನೆ ಕಾದ. ಅವನಿಗೇನಪ್ಪ ಅವಸರ?” ಎಂದ ಮೂಲೆಯಲ್ಲಿದ್ದ ಪಂಕ್ಚರ್ ಅಂಗಡಿಯವನು. “ಅವಸರ ಇರೋದು ನಿನಗೇ.”

ಅಣ್ಣ ಹಲಗೆಯಿಂದ ಕೈ ತೆಗೆದ.

* * *

ಪಾಳುಮನೆ ಅಂದರೆ ಹಿಂದೆ ರಾಜರು ಪರದೇಶದ ರಾಯಭಾರಿಗಳನ್ನು ಇಳಿಸಿಕೊಳ್ಳುತ್ತಿದ್ದ ಮನೆ. ಸೂರು ಯಾವತ್ತೋ ಬಿದ್ದುಹೋಗಿ, ಕಮಾನುಗಳು, ಅರ್ಧಂಬರ್ಧ ಗೋಡೆ, ಕುದುರೆಗಳಿಗೆ ನೀರಿಡುತ್ತಿದ್ದ ಕಲ್ಲುತೊಟ್ಟಿ ಉಳಿದಿದ್ದವು. ಅಪ್ಪ ಅದರ ಕಾವಲುಗಾರ, ಊರಿಗೆಲ್ಲ ‘ರಾಯಭಾರಿ’. ನೋಡಲು ಬಂದವರ ಮುಂದೆ ಎದೆಯುಬ್ಬಿಸಿ ಕತೆ ಬಿಡುತ್ತಿದ್ದ: “ಇಲ್ಲಿಯ ರಾಜ ‘ನಿನ್ನ ದೊರೆ ಕತ್ತೆ’ ಅಂತಾನೆ. ರಾಯಭಾರಿ ಊರಿಗೆ ಹೋಗಿ ‘ನಿಮ್ಮ ಆರೋಗ್ಯ ವಿಚಾರಿಸಿದ್ರು ಪ್ರಭೂ’ ಅಂತಾನೆ. ಕೇಳಿದ್ದನ್ನ ಕೇಳಿದ ಹಾಗೇ ಒಪ್ಪಿಸೋಕೆ ರಾಯಭಾರಿ ಯಾಕ್ರೀ, ಗಿಳಿ ಸಾಲದಾ?”

ಅದೇ ಕಸುಬನ್ನು ಮನೆಯಲ್ಲೂ ಮಾಡಿದ. “ಅವನ ಹೆಸರೆತ್ತಬೇಡಪ್ಪ” ಎಂದು ಅಣ್ಣ ಗುಡುಗಿ ಎದ್ದುಹೋದರೆ, ಅಪ್ಪ ಫೋನೆತ್ತಿ ತಮ್ಮನಿಗೆ, “ನಿಮ್ಮಣ್ಣ ನಿನ್ನ ಕೇಳ್ದ ಕಣೋ” ಅನ್ನುತ್ತಿದ್ದ. ಮಗಳು ಹಣೆ ಚಚ್ಚಿಕೊಳ್ಳುತ್ತಿದ್ದಳು.

“ಸುಮ್ನಿರೇ. ಒಂದಿನ ಕೇಳೇ ಕೇಳ್ತಾನೆ. ನಾನು ಸ್ವಲ್ಪ ಮುಂಚೆ ಹೇಳ್ತಿದೀನಿ, ಅಷ್ಟೆ.”

* * *

ತಮ್ಮ ಬೆವರಿಳಿಸಿಕೊಂಡು ಒಳಗೆ ಬಂದ. ಅಪ್ಪನ ಕಾಲು ಮುಟ್ಟಿ, ತುಂಬ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ಎದ್ದು, “ಕಾದೆಯಲ್ಲ ಅಣ್ಣ, ಅಷ್ಟು ಸಾಕು” ಎಂದ.

“ಯಾರು ಕಾದಿದ್ದು? ಇವಳು ಅಡ್ಡ ನಿಂತಳು, ಅದಕ್ಕೆ ನಿಂತೆ.”

ತಮ್ಮ ಮೆಲ್ಲಗೆ ತಿರುಗಿದ. “ಅಕ್ಕಾ, ಕಾಯ್ತಿದಾನೆ ಅಂದೆ?”

ಅವಳು ತಲೆ ತಗ್ಗಿಸಿದಳು.

“ಹಂಗಾದ್ರೆ ಅಪ್ಪ ಹೇಳ್ತಿದ್ದದ್ದು? ಇವನು ನನ್ನ ಕೆಮ್ಮು ವಿಚಾರಿಸಿದ್ದು?”

“ಯಾವ ಕೆಮ್ಮು?” ಎಂದ ಅಣ್ಣ. “ನನ್ನ ಮಂಡಿನೋವಿಗೆ ಎಣ್ಣೆ ಕಳಿಸಿದ್ದು ನೀನಲ್ವಾ?”

“ಯಾವ ಎಣ್ಣೆ?”

ಇಬ್ಬರೂ ಒಟ್ಟಿಗೇ ಅಪ್ಪನ ಮುಖ ನೋಡಿದರು.

“ಮುದುಕ ಇಬ್ಬರಿಗೂ ಟೋಪಿ ಹಾಕ್ದ.” ಅಣ್ಣನ ದನಿ ಒರಟಾಗಿತ್ತು.

ತಮ್ಮ ಚೀಲ ಹೆಗಲಿಗೇರಿಸಿ ಬಾಗಿಲಿಗೆ ನಡೆದ.

“ಹೊರೋದಾದ್ರೆ ಹೊರಲಿ, ಇಲ್ಲಾಂದ್ರೆ ದಾರಿ ಬಿಡಲಿ ಅಂತ ಹೇಳು ಅವನಿಗೆ,” ಎಂದ ಅಣ್ಣ, ತಂಗಿಯ ಕಡೆಗೇ ನೋಡುತ್ತ.

ಮಾರು ದೂರದಲ್ಲಿದ್ದ ತಮ್ಮನಿಗೆ ಅಕ್ಷರ ಅಕ್ಷರವೂ ಕೇಳಿಸಿತ್ತು. ಆದರೂ ಅಕ್ಕನ ಬಾಯನ್ನೇ ನೋಡುತ್ತ ನಿಂತ.

“ನೀನು... ಎಡಗಡೆ ಹಿಡೀಬೇಕಂತೆ ಕಣೋ,” ಎಂದಳು.

ಅಣ್ಣ ಇಲ್ಲ ಅನ್ನಲಿಲ್ಲ.

ತಮ್ಮ ಚೀಲ ಕೆಳಗಿಟ್ಟ. “ನಾನು ಕುಳ್ಳ. ಹಲಗೆ ವಾಲುತ್ತೆ ಅಂತ ಹೇಳು.”

ಸ್ಮಶಾನಕ್ಕೆ ಒಯ್ಯುವ ಗಾಡಿ ಪಾಳುಮನೆಯ ಆಚೆ ರಸ್ತೆಯಲ್ಲಿತ್ತು. ಅಲ್ಲಿಯವರೆಗೂ ಹೊತ್ತೇ ಹೋಗಬೇಕು. ಮುಂದೆ ಅಣ್ಣ, ತಮ್ಮ. ಹಿಂದೆ ಪಂಕ್ಚರ್ ಅಂಗಡಿಯವನು, ಇನ್ನೊಬ್ಬ. ಒಂದಾದ ಮೇಲೊಂದು ಕಮಾನಿನಡಿ ಹಲಗೆ ಒಂಚೂರೂ ವಾಲದೆ ಸಾಗುತ್ತಿತ್ತು. ಅಣ್ಣ ಆ ನೋವಿನ ಮಂಡಿಯನ್ನು ಮಡಿಸಿಕೊಂಡು, ತಮ್ಮನ ಎತ್ತರಕ್ಕೆ ಕುಗ್ಗಿ, ಕುಂಟುತ್ತ ನಡೆಯುತ್ತಿದ್ದ.